ಹಳೇ ಸೆಡಾನ್ ಎಲ್ಲಿ ಕೊಳ್ಳೋದು? ಯಾರ್ಡ್, ಆ್ಯಪ್, ಓನರ್: ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಓನರ್‌ಗೇ. ನಾಲ್ಕು ಲಕ್ಷದ ಒಳಗೆ, ಹತ್ತು ವರ್ಷದ ಆಸುಪಾಸಿನ ಪೆಟ್ರೋಲ್ ಸೆಡಾನ್ ಬೇಕಿತ್ತು. ಸಿಟಿ, ಸಿಯಾಜ್, ವರ್ನಾ, ಇಟಿಯಾಸ್, ಎಲ್ಲಿ ಹೋದರೂ ಅವೇ ಕಾರುಗಳು. ಹಾಗಾಗಿ ಯಾವ ಕಾರು ಅನ್ನೋದಕ್ಕಿಂತ ಯಾರ ಕೈಯಿಂದ ಬರುತ್ತದೆ ಅನ್ನೋದನ್ನೇ ಜಾಸ್ತಿ ನೋಡಿದೆ.

ಹಳೇ ಗಾಡಿ ಡೀಲರ್‌ಗಳ ಯಾರ್ಡಿನಲ್ಲಿ ಒಂದೇ ಕಡೆ ಹತ್ತಾರು ಕಾರು ಸಿಗುತ್ತವೆ, ಚೌಕಾಸಿಯೂ ನಡೆಯುತ್ತದೆ. ಆದರೆ ನೀವು ಹೋಗುವಷ್ಟರಲ್ಲಿ, ತಣ್ಣಗಿದ್ದಾಗಿನ ಸ್ಟಾರ್ಟಿಂಗ್ ತೊಂದರೆ ಗೊತ್ತಾಗದ ಹಾಗೆ ಎಂಜಿನ್ ಬೆಚ್ಚಗಾಗಿರುತ್ತದೆ, ಟೈರಿಗೆ ಪಾಲಿಶ್ ಬಿದ್ದಿರುತ್ತದೆ, ಒಳಗೆ ಸೆಂಟು ಘಮ್ಮೆನ್ನುತ್ತದೆ. ಸೆಂಟು ಜಾಸ್ತಿಯಾದಷ್ಟೂ ನನ್ನ ಅನುಮಾನವೂ ಜಾಸ್ತಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅವೆಲ್ಲ ಗುಜರಿಗೇ ಹೋದವು ಅಂತ ನಾನಂತೂ ನಂಬುವುದಿಲ್ಲ. ಒಂದು ಯಾರ್ಡಿನಲ್ಲಿ ಮಿರಮಿರ ಮಿಂಚುತ್ತಿದ್ದ ಬಿಳಿ ಕಾರಿನ ಹಿಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಹೊರಗೆ ಕಾಣುವಷ್ಟು ಚೊಕ್ಕವಾಗಿತ್ತು. ಸುರುಳಿಯೊಳಗೆ ಅಡಗಿದ್ದ ಕೊನೆಯ ಗೇಣಿನಲ್ಲಿ ಮಾತ್ರ ಒಣಗಿದ ಕೆಸರಿನ ಗೆರೆ. ಸ್ಟೆಪ್ನಿ ಎತ್ತಿದರೆ ಕೆಳಗಿನ ಗುಂಡಿಯಲ್ಲಿ ನುಣ್ಣನೆ ಕೆಮ್ಮಣ್ಣು. "ಓನರ್ ಬೀಚ್‌ಗೆ ಹೋಗಿದ್ರು ಸಾರ್" ಅಂದ ಅಲ್ಲಿದ್ದ ಹುಡುಗ. ಕೆಮ್ಮಣ್ಣಿನ ಬೀಚ್ ಯಾವುದಪ್ಪಾ ಅಂತ ಕೇಳದೆ ಬಂದೆ.

ಇನ್ನೊಂದು ಮಾತು. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು ಅಂತ ನಿಯಮ ಬಂದಿದೆ. ಅದನ್ನು ಕೇಳಿ ನೋಡಿ, ಕೆಲವರ ಮುಖ ನೋಡಬೇಕು ಆಗ.

ಹಳೇ ಕಾರು ಕೊಂಡು ಮಾರುವ ಆ್ಯಪ್ ಕಂಪನಿಯಲ್ಲಿ ಕಾಗದದ ತಲೆನೋವು ಅವರದು, ವಾರಂಟಿಯೂ ಕೊಡುತ್ತಾರೆ, ಸಾಲವೂ ಬೇಗ ಆಗುತ್ತದೆ. ಬೆಲೆಯಲ್ಲಿ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ. ಇಳಿಯೋದು ಕಷ್ಟವೇ ಬಿಡಿ. ಕಂಪನಿ ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ವ್ಯತ್ಯಾಸದ ಮೇಲೆ 18% ಜಿಎಸ್‌ಟಿ ಇದೆ. ಓನರ್ ತಾನು ಓಡಿಸಿದ ಕಾರನ್ನು ನೇರವಾಗಿ ನಮ್ಮಂಥವರಿಗೆ ಮಾರಿದರೆ ಅದಿಲ್ಲ. ಇನ್ನು ಟೆಸ್ಟ್ ಡ್ರೈವ್. ಕಾರು ನಿಂತಿದ್ದು ಮಾಲ್‌ನ ಬೇಸ್‌ಮೆಂಟಿನಲ್ಲಿ. ಆ ನುಣುಪು ನೆಲದ ಮೇಲೆ ಸುಮ್ನೆ ಸುತ್ತು ಹೊಡೆದರೆ ಸಸ್ಪೆನ್ಶನ್ ಬಗ್ಗೆ ಏನು ಗೊತ್ತಾಗುತ್ತದೆ? ಹಳೇ ಸೆಡಾನನ್ನು ಕಿಟಕಿ ಇಳಿಸಿ, ಎಸಿ ಆಫ್ ಮಾಡಿ, ನಮ್ಮೂರ ಹಂಪ್‌ಗಳ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಬೇಕು. ಕಟಕಟ ಅಂದರೆ ಖರ್ಚು ಕಾದಿದೆ ಅಂತ ಅರ್ಥ.

ಓನರ್ ಕಾರು ಸಿಕ್ಕಿದ್ದು ವಿಜಯನಗರದಲ್ಲಿ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಅಂತ ಫೋನಿನಲ್ಲೇ ಹೇಳಿದ್ದೆ. ಬಾನೆಟ್ ಮುಟ್ಟಿದರೆ ತಣ್ಣಗಿತ್ತು. ಗಾಡಿ ನಿಲ್ಲಿಸುವ ಟೈಲ್ಸ್ ಮೇಲೆ ಎಣ್ಣೆ ಕಲೆ ಇಲ್ಲ. ಸರ್ವಿಸ್ ಬಿಲ್ಲುಗಳು ಫೈಲಿನಲ್ಲಿ ವರ್ಷದ ಪ್ರಕಾರ ಇದ್ದವು, ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರ್. ಮೀಟರ್ ತಿರುಗಿಸಿದ್ದಾರಾ ಅನ್ನೋ ಚಿಂತೆ ಅಲ್ಲೇ ಮುಗಿಯಿತು. ಮನೆ ಮುಂದೆ ನಿಂತ ಕಾರು ತನ್ನ ಕಥೆ ತಾನೇ ಹೇಳುತ್ತದೆ, ಯಾರ್ಡಿಗೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತದೆ.

ಕಿರಿಕಿರಿ ಶುರುವಾಗಿದ್ದು ಆರ್‌ಸಿಯಲ್ಲಿ. ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಹೈಪಾಥಿಕೇಶನ್, ಅಂದರೆ ಕಾರು ಸಾಲಕ್ಕೆ ಅಡವಿದೆ ಅನ್ನೋ ನಮೂದು, ಹಾಗೇ ಕೂತಿತ್ತು. ಸಾಲ ಕಟ್ಟಿದರೆ ಅದು ತಾನಾಗೇ ಹೋಗುತ್ತದೆ ಅಂತ ಓನರ್ ಅಂದುಕೊಂಡಿದ್ದರು. ಹೋಗುವುದಿಲ್ಲ. ಸಾಲ ಕೊಟ್ಟವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಆ ನಮೂದು ತೆಗೆಸಲು ಅವರು ಸಹಿ ಹಾಕಿದ ಫಾರಂ 35 ಬೇಕು. ಅದಾದ ಮೇಲೇ ಕಾರನ್ನು ನಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ರ ಮಾತು. ಅವರ ಹತ್ತಿರವಿದ್ದ ಎನ್‌ಒಸಿಯ ವಾಯಿದೆ ಎಂದೋ ಮುಗಿದಿತ್ತು. ಫೈನಾನ್ಸ್ ಕಂಪನಿಯ ಹಳೇ ಬ್ರಾಂಚ್ ಹುಡುಕಿಕೊಂಡು ಹೋದರೆ ಅಲ್ಲಿ ದರ್ಶಿನಿ ಇತ್ತು. ಕಾಫಿ ಚೆನ್ನಾಗಿತ್ತು, ಆ ಮಾತು ಬೇರೆ.

ಮೇಲ್ ಮೇಲೆ ಮೇಲ್ ಕಳಿಸಿ ಹೊಸ ಪತ್ರ ತರಿಸಿದರು. ಅದರಲ್ಲಿ ಚಾಸಿ ನಂಬರ್ ತಪ್ಪು! ಹದಿನೇಳು ಅಕ್ಷರ-ಅಂಕಿಗಳ ನಡುವೆ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ 'ಓ' ಟೈಪ್ ಮಾಡಿದ್ದರು. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಸೊನ್ನೆ-ಒಂದರ ಜೊತೆ ಗೊಂದಲ ಆಗಬಾರದು ಅಂತಲೇ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಕಂಪ್ಯೂಟರ್ ಒಪ್ಪಬೇಕಲ್ಲ. ಮತ್ತೆ ಮೇಲ್, ಮತ್ತೆ ಕಾಯುವುದು. ಅಷ್ಟು ದಿನ ಬೆಲೆಯ ಒಂದು ಪಾಲನ್ನು ನಾನು ಕೊಟ್ಟಿರಲಿಲ್ಲ, ಕಾರೂ ಅವರ ಮನೆಯಲ್ಲೇ ಇತ್ತು. ನೀವೂ ಹಾಗೇ ಮಾಡಿ. ಅಡ್ವಾನ್ಸ್ ಕೊಡುವ ಮುಂಚೆ ಸರ್ಕಾರದ ಪರಿವಾಹನ್ ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಹೈಪಾಥಿಕೇಶನ್ ಇದೆಯಾ ನೋಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ, ಅದನ್ನೂ.

ರಿಜಿಸ್ಟ್ರೇಶನ್ ತಾರೀಖನ್ನೂ ಲೆಕ್ಕ ಹಾಕಿ. 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು, ಅದೂ ಐದೈದು ವರ್ಷಕ್ಕೆ. ಅದರ ಫೀ 2022ರ ಏಪ್ರಿಲ್‌ನಲ್ಲಿ 600ರಿಂದ 5000 ರೂಪಾಯಿಗೆ ಏರಿತು.

ಕ್ಲಚ್: ಟ್ರಾಫಿಕ್ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ದಾರಿಯಲ್ಲಿ ದಿನಾ ಓಡಿದ ಕಾರಾದರೆ ಕಿಲೋಮೀಟರ್ ಕಮ್ಮಿ ಇದ್ದರೂ ನಂಬಬೇಡಿ.

ನಾನು ವಾರವಿಡೀ ಮೆಟ್ರೋದವನು, ಕಾರು ಬೇಕಾಗಿದ್ದು ಹಾಸನಕ್ಕೆ ಹೋಗಿಬರಲು. ಕಾಯುವುದು ನನಗೆ ಭಾರವಾಗಲಿಲ್ಲ. ನಾಳೆಯೇ ಕಾರು ಬೇಕು, ಸಾಲವೂ ಆಗಬೇಕು ಅನ್ನುವವರು ಆ್ಯಪ್ ಕಡೆ ಹೋಗಲಿ. ಯಾರ್ಡಿಗೆ ಹೋಗುವುದಾದರೆ ಮೆಕ್ಯಾನಿಕ್ ಜೊತೆಗಿರಲಿ. ಆ್ಯಪ್‌ನ ಬೆಲೆಗೂ ಓನರ್ ಬೆಲೆಗೂ ಇದ್ದ ಅಂತರದಲ್ಲಿ ನನಗೆ ನಾಲ್ಕು ಹೊಸ ಟೈರ್ ಬಂದವು. ಹಳೆಯವುಗಳ ಮೇಲೆ 2317 ಅಂತಿತ್ತು, ಅಂದರೆ 2017ರ 23ನೇ ವಾರದ ಮಾಲು.