ಕೌನ್ಸೆಲಿಂಗ್‌ಗೆ ಕಾದ 49 ದಿನ: ಉಸಿರು, ನಡಿಗೆ, ಚಿಂತೆಯ ಪುಸ್ತಕ, ಫೋನು – ಯಾವುದು ಎಷ್ಟು ಕೈ ಹಿಡಿಯಿತು?

ಕೌನ್ಸೆಲಿಂಗ್‌ಗೆ ಅಂತ ಮೇ 15ಕ್ಕೆ ಫೋನ್ ಮಾಡಿದೆ. ಜುಲೈ 3ಕ್ಕೆ ಬನ್ನಿ ಅಂದರು. ನಡುವೆ 49 ದಿನ. ಅದಕ್ಕೂ ಮೊದಲು, ಎದೆ ಹೊಡೆದುಕೊಳ್ಳುತ್ತದೆ ಅಂತ ಹೋದಾಗ, ಡಾಕ್ಟರು ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ ಅಂದಿದ್ದರು. ನೀವೂ ಇದನ್ನು ಮೊದಲು ಮಾಡಿಸಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳಬಹುದು.

ತಾರೀಕೇನೋ ಸಿಕ್ಕಿತು. ಆದರೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಲೇಬೇಕಲ್ವಾ? ನನ್ನ ಮನೆ ಕಾರವಾರದ ಕೋಡಿಬಾಗದಲ್ಲಿ, ಕೆಲಸ ಸದಾಶಿವಗಡದಲ್ಲಿ. ನಡುವೆ ಕಾಳಿ ನದಿ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಆಮೇಲಿಂದ ಹೊಸ ಸೇತುವೆ ಮೇಲೆ ಬಸ್ಸು ಹೋಗುವಾಗಲೂ ನನ್ನ ಅಂಗೈ ಬೆವರುತ್ತದೆ. ಮೊದಲು ಸೇತುವೆ ಮೇಲೆ ಮಾತ್ರ ಹಾಗಾಗುತ್ತಿತ್ತು. ಈ ವರ್ಷ ಹಾಸಿಗೆಯಲ್ಲೂ ಶುರುವಾಯಿತು.

ಕಾಯುವ ದಿನಗಳಲ್ಲಿ ಏನೇನು ಮಾಡಿ ನೋಡಿದೆನೋ ಎಲ್ಲಕ್ಕೂ ಹತ್ತರಲ್ಲಿ ಅಂಕ ಹಾಕಿದೆ. ಮಾಡುವ ಮೊದಲು ಭಯ ಎಷ್ಟು, ಆಮೇಲೆ ಎಷ್ಟು, ಅಷ್ಟೇ.

ಉಸಿರು ಎಣಿಸುವುದು, ಬಸ್ಸಿಂದ ಇಳಿದುಬಿಡುವುದು

ಇವೆರಡನ್ನೂ ಒಟ್ಟಿಗೆ ಹೇಳಬೇಕು. ಭಯ ಏರಿದಾಗ ನನ್ನ ಮುಂದಿದ್ದ ದಾರಿ ಇವೆರಡೇ.

ಬರೀ ಅಂಕ ನೋಡಿದರೆ ಇಳಿದುಬಿಡುವುದಕ್ಕೆ ಸರಿಸಾಟಿಯೇ ಇಲ್ಲ. ಮೇ ಕೊನೆಯಲ್ಲಿ ಒಂದು ದಿನ ಸೇತುವೆಗೆ ಮುಂಚಿನ ನಿಲ್ದಾಣದಲ್ಲೇ ಇಳಿದೆ. 9 ಇದ್ದದ್ದು ಐದೇ ನಿಮಿಷಕ್ಕೆ 2ಕ್ಕೆ ಬಂತು. ಎಷ್ಟು ಹಗುರ! ಆದರೆ ಮರುದಿನ ಬಸ್ಸು ಬರುವ ಮೊದಲೇ, ಮನೆ ಬಾಗಿಲಿಗೆ ಬೀಗ ಹಾಕುವಾಗಲೇ 9. ಅದರ ಮರುದಿನ ರಜೆ ಹಾಕಿದೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ ಅನ್ನುವುದು ಮನಃಶಾಸ್ತ್ರದಲ್ಲಿ ಹಳೇ ಮಾತು. ನನಗೆ ಗೊತ್ತಾಗಲು ಮೂರು ದಿನ ಸಾಕಾಯಿತು.

ಉಸಿರಿನದು ನಿಧಾನದ ಕೆಲಸ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ. ಮೊದಲ ವಾರ ಸೇತುವೆ ಮೇಲೆ ಮಾತ್ರ ಮಾಡಿ ಸೋತೆ. ಭಯ ಹೋಯ್ತಾ, ಹೋಯ್ತಾ ಅಂತ ನೋಡುತ್ತಲೇ ಎಣಿಸಿದರೆ ಅದು ಹೋಗುವುದಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಒಲೆ ಮೇಲೆ ನೀರು ಕುದಿಯುವ ತನಕ, ಮನಸ್ಸು ಸಮಾಧಾನವಾಗಿದ್ದಾಗಲೇ ಅಭ್ಯಾಸ ಮಾಡಿದೆ. ಜೂನ್ ಎರಡನೇ ವಾರಕ್ಕೆ ಸೇತುವೆ ಮೇಲೆ 8 ಇದ್ದದ್ದು ಆಚೆ ದಡ ಮುಟ್ಟುವಾಗ 5 ಆಗುತ್ತಿತ್ತು. ಐದು ಅಂದರೆ ಕಡಿಮೆಯೇನಲ್ಲ. ಆದರೂ ನಾನು ಬಸ್ಸಿನಲ್ಲೇ ಇದ್ದೆ. ಇವೆರಡರಲ್ಲಿ ಒಂದನ್ನು ಆರಿಸು ಅಂದರೆ, ಎರಡು ಮಾತಿಲ್ಲದೆ ಉಸಿರು.

ನಡಿಗೆ

ಟ್ಯಾಗೋರ್ ಕಡಲತೀರದಲ್ಲಿ ಸಂಜೆ ನಲವತ್ತು ನಿಮಿಷ. ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಪುಟ್ಟ ಏಡಿಗಳು ಸಾಸಿವೆಗಿಂತ ತುಸು ದೊಡ್ಡ ಉಂಡೆ ಕಟ್ಟಿ, ತಮ್ಮ ತೂತಿನ ಸುತ್ತ ರಂಗೋಲಿಯ ಚುಕ್ಕಿಯ ಹಾಗೆ ಇಟ್ಟಿರುತ್ತವೆ. ಹತ್ತಿರ ಹೋದರೆ ಸರ್ರನೆ ಒಳಗೆ. ಅಲ್ಲಾಡದೆ ನಿಂತರೆ ಮತ್ತೆ ಬಂದು ಮರಳು ಬಾಯಿಗೆ ತುಂಬಿಕೊಂಡು ಇನ್ನೊಂದು ಉಂಡೆ ಕಟ್ಟುತ್ತವೆ. ಅದನ್ನು ನೋಡುತ್ತ ನಿಂತ ಸಂಜೆ ನನಗೆ ಸೇತುವೆಯ ನೆನಪೇ ಬರಲಿಲ್ಲ. 6ರಿಂದ 3. ಮಲಗುವ ತನಕ ಅದು ಮೇಲೇರಲಿಲ್ಲ. ಉಸಿರು ಎಣಿಸಿದ್ದು ಇಷ್ಟು ಹೊತ್ತು ಬಾಳುತ್ತಿರಲಿಲ್ಲ.

ಆದರೆ ಬಸ್ಸಿಂದ ಇಳಿದ ಆ ದಿನ ನಾನು ಹೋದದ್ದೂ ಇದೇ ಮರಳಿಗೆ. ಅವತ್ತು ಅದು ನಡಿಗೆಯಲ್ಲ, ಓಡಿಹೋಗಿದ್ದು. ಹಾಗಾಗಿ ಕೆಲಸ ಮುಗಿಸಿ ಬಂದ ಮೇಲೆ ಮಾತ್ರ ನಡಿಗೆ ಅಂತ ಗಟ್ಟಿ ಮಾಡಿಕೊಂಡೆ. ಇನ್ನೊಂದು ತೊಂದರೆ ಮಳೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಬೈತಖೋಲ ಬಂದರಿನಲ್ಲಿ ದೋಣಿಗಳೆಲ್ಲ ಕಟ್ಟಿಕೊಂಡು ನಿಂತಿರುತ್ತವೆ. ಆ ಸಮುದ್ರದ ಪಕ್ಕ ಕೊಡೆ ಹಿಡಿದು ನಡೆಯಲು ಆಗುವುದಿಲ್ಲ. ಜೂನ್‌ನಲ್ಲಿ ನಡಿಗೆ ಸಿಕ್ಕಿದ್ದು ಬರೀ ಒಂಬತ್ತು ದಿನ.

ಚಿಂತೆಯ ಪುಸ್ತಕ

ಮಳೆ ಬಂದದ್ದಕ್ಕೇ ಇದು ಕೈಗೆ ಬಂತು. ಚಿಂತೆಗೆ ದಿನಕ್ಕೆ ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿ, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಅಲ್ಲಿಗೆ ಮುಂದೂಡುವುದು. ಮನಃಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಯವರು 1983ರಲ್ಲಿ ಪ್ರಕಟಿಸಿದ ವಿಧಾನ. ಅವರದು ಅರ್ಧ ಗಂಟೆ. ನಾನು ಆರೂವರೆಯಿಂದ ಏಳು, ಅಡುಗೆಮನೆಯ ಮೇಜಿನ ಹತ್ತಿರ. ಹಾಸಿಗೆ ಮೇಲೆ ಮಾತ್ರ ಬೇಡ.

ಮೊದಲ ಹತ್ತು ದಿನ ಭಯ ಜಾಸ್ತಿಯೇ ಆಯಿತು, 5ರಿಂದ 6, 7. ಬಿಟ್ಟುಬಿಡಬೇಕು ಅನ್ನಿಸಿತ್ತು. ಆಮೇಲೆ ಒಂದು ಬದಲಾವಣೆ ಮಾಡಿದೆ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ನನ್ನ ಕೈಲಿ ಆಗುವುದು, ಬಲಕ್ಕೆ ಆಗದ್ದು. ‘ಆಯಿಯ (ಅಮ್ಮನ) ಶುಗರ್ ರಿಪೋರ್ಟ್’ ಎಡಕ್ಕೆ, ಪಕ್ಕದಲ್ಲಿ ‘ನಾಳೆ ಹತ್ತಕ್ಕೆ ಫೋನ್’. ‘ಸೇತುವೆ ಬಿದ್ದರೆ’ ಬಲಕ್ಕೆ. ಬಲಕ್ಕೆ ಬರೆದದ್ದಕ್ಕೆ ಉತ್ತರ ಹುಡುಕಲಿಲ್ಲ, ಓದಿ ಪುಸ್ತಕ ಮುಚ್ಚಿದೆ. ಹಗಲಿನಲ್ಲಿ ಬಂದ ಚಿಂತೆಗೆ ಒಂದೇ ಪದ ಬರೆದು ‘ಸಂಜೆ’ ಅನ್ನುತ್ತಿದ್ದೆ. ಸಂಜೆ ನೋಡಿದರೆ ಅರ್ಧಕ್ಕರ್ಧ ಆರಿಹೋಗಿರುತ್ತಿದ್ದವು. ಜೂನ್ ಕೊನೆಗೆ 6ರಿಂದ 3. ಅಂಕದಲ್ಲಿ ನಡಿಗೆಗೆ ಸಮ. ಮಳೆಗೆ ಇದು ನಿಲ್ಲುವುದಿಲ್ಲ, ಅದಕ್ಕೇ ನನ್ನ ಮಟ್ಟಿಗೆ ಇದೇ ಮೇಲು.

ಫೋನು

ರೋಗಲಕ್ಷಣ ಹುಡುಕಲು ಫೋನ್ ಹಿಡಿದರೆ 4 ಇದ್ದದ್ದು 8. ಬೇರೇನೂ ಹೇಳಬೇಕಿಲ್ಲ.

ಶಿರಸಿಯಲ್ಲಿರುವ ಆಯಿಗೆ ಮಾಡಿದಾಗ, ‘ಎಂತ ಆತು?’ ಅಂತ ಒಂದೇ ಸಲ ಕೇಳಿದಳು. ನನಗೆ ಮಾತು ಹೊರಡಲಿಲ್ಲ. ‘ಮಾತಾಡಡ, ಫೋನ್ ಇಡಡ’ ಅಂದಳು. ಮಾತೂ ಬೇಡ, ಫೋನ್ ಇಡುವುದೂ ಬೇಡ ಅಂತ. ಆ ಕಡೆ ಹಲಸಿನ ಹಪ್ಪಳಕ್ಕೆ ಒರಳಲ್ಲಿ ಕುಟ್ಟುವ ಸದ್ದು. ಹದಿನೈದು ನಿಮಿಷ ಅದನ್ನೇ ಕೇಳಿದೆ. 7ರಿಂದ 3.

ರಾತ್ರಿ ಎರಡಕ್ಕೆ ಆಯಿಯನ್ನು ಎಬ್ಬಿಸಲು ಮನಸ್ಸಾಗದೆ 14416ಕ್ಕೆ ಮಾಡಿದೆ. ಇದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 9ರಿಂದ 5. ವಾರವಾರ ಕೂತು ಮಾಡುವ ಚಿಕಿತ್ಸೆಯ ಬದಲಿಗೆ ಇದಲ್ಲ, ಆ ರಾತ್ರಿ ದಾಟಲು. ಬದುಕೇ ಬೇಡ ಅನ್ನಿಸುತ್ತಿದ್ದರೆ ಮಾತ್ರ ಉಸಿರು, ಪುಸ್ತಕ ಅಂತ ಕೂರಬೇಡಿ. ಕೊಟ್ಟ ತಾರೀಕಿಗೂ ಕಾಯಬೇಡಿ. ಆಗಲೇ ಫೋನ್ ಮಾಡಿ, ಅಥವಾ ಮನೆಯವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಸಣ್ಣಪುಟ್ಟವು

ಸಂಜೆಯ ಚಾ ಬಿಟ್ಟು ಕಷಾಯ ಕುಡಿದೆ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಐದಕ್ಕೆ ಕುಡಿದ ಚಾ ಹತ್ತಕ್ಕೂ ಒಳಗೇ ಇರುತ್ತದೆ. ನಿದ್ದೆಗೆ ಇದು ನಿಜಕ್ಕೂ ಸಹಾಯ ಮಾಡಿತು. ಮೈಯ ಒಂದೊಂದೇ ಭಾಗ ಬಿಗಿಹಿಡಿದು ಸಡಿಲ ಬಿಡುವ ಜೇಕಬ್ಸನ್ ಪದ್ಧತಿ ನನಗೆ ಹೊಂದಲಿಲ್ಲ, ಎದೆಯ ಹತ್ತಿರ ಬಂದಾಗ ಗಮನವೆಲ್ಲ ಬಡಿತದ ಮೇಲೇ ಹೋಗುತ್ತಿತ್ತು. ನನ್ನ ಅತ್ತಿಗೆಗೆ ಮಾತ್ರ ಅದರಿಂದಲೇ ನಿದ್ದೆ ಬರುತ್ತದೆ.

ಜುಲೈ 3ಕ್ಕೆ ಪುಸ್ತಕ ಚೀಲದಲ್ಲಿತ್ತು. ‘ಯಾವಾಗ ಜಾಸ್ತಿ ಆಗುತ್ತದೆ?’ ಅಂತ ಕೌನ್ಸೆಲರ್ ಕೇಳಿದರು. ನಾನು ಸೇತುವೆ ಅನ್ನುವವಳಿದ್ದೆ. ಅವರು ಪುಟ ತಿರುಗಿಸುತ್ತ ಹೋಗಿ, ಭಾನುವಾರದ ಸಂಜೆಗಳ ಮೇಲೆ ಬೆರಳಿಟ್ಟರು. ಐದು ಭಾನುವಾರ, ಐದರಲ್ಲೂ 8. ಬಸ್ಸೂ ಇಲ್ಲ, ಸೇತುವೆಯೂ ಇಲ್ಲ. ‘ಸೋಮವಾರ ಕೆಲಸದಲ್ಲಿ ಏನಿರುತ್ತದೆ?’ ಅಂದರು. ಆ ಒಂದು ಗಂಟೆ ನಾವು ಮಾತಾಡಿದ್ದು ಅದನ್ನೇ.