ಎರೆಹುಳು ಗೊಬ್ಬರವೋ, ಜೀವಾಣು ಗೊಬ್ಬರವೋ? ರಾಯಚೂರಿನ ಸೇವಂತಿಗೆ ಕುಂಡಕ್ಕೆ ಯಾವುದು

ಎರೆಹುಳು ಗೊಬ್ಬರ ಗಿಡಕ್ಕೆ ಊಟ, ಮಣ್ಣನ್ನೂ ಸಡಿಲಿಸುತ್ತದೆ. ನಮ್ಮ ಕಡೆಯ ಎರೆಮಣ್ಣು ನೀರು ಬಿದ್ದರೆ ಅಂಟು, ಒಣಗಿದರೆ ಬಿರುಕು. 12 ಇಂಚಿನ ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ಬೆರೆಸಿದರೆ ಸೇವಂತಿಗೆ ಸಲೀಸಾಗಿ ಬೇರು ಬಿಡುತ್ತದೆ. ಆಮೇಲೆ ತಿಂಗಳಿಗೆ ಎರಡು ಹಿಡಿ ಸಾಕು. ಅರೆಕೊಳೆತ ತಿಪ್ಪೆಗೊಬ್ಬರ ಮಾತ್ರ ಬೇಡವೇ ಬೇಡ: ಕಾವು ಏರಿ ಬೇರು ಸುಡುತ್ತದೆ, ಗೆದ್ದಲೂ ಹತ್ತುತ್ತದೆ.

ಜೀವಾಣು ಗೊಬ್ಬರದಲ್ಲಿ ಪೋಷಕಾಂಶ ಅಷ್ಟಕ್ಕಷ್ಟೇ, ದುಡಿಯುವುದು ಒಳಗಿನ ಜೀವಿಗಳು. ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಸುಣ್ಣದಂಶದ ಎರೆಮಣ್ಣಿನಲ್ಲಿ ಕಟ್ಟಿಕೊಂಡು ಕೂತ ರಂಜಕವನ್ನು ಬಿಡಿಸುತ್ತದೆ. ಅಗ್ಗ, ಆದರೆ ನಾಜೂಕು. ಏಪ್ರಿಲ್ ಬಿಸಿಲಲ್ಲಿ ಅಂಗಡಿ ಮುಂದೆ ಬೆಂದ ಪೊಟ್ಟಣದಲ್ಲಿ ಉಳಿಯುವುದು ಬರೀ ಪುಡಿ! ತಯಾರಾದ ದಿನಾಂಕ ನೋಡಿ. ಪುಡಿ ರೂಪದ್ದು ಆರು ತಿಂಗಳು ದಾಟಿದ್ದರೆ ಬಿಡಿ. ರಾಸಾಯನಿಕ ಗೊಬ್ಬರ, ಶಿಲೀಂಧ್ರನಾಶಕದ ಜೊತೆ ಕಲಸಬೇಡಿ.

ಒಂದನ್ನೇ ಕೊಳ್ಳುವುದಾದರೆ ಎರೆಹುಳು ಗೊಬ್ಬರವೇ ಸೈ. ಎರಡೂ ಸಿಕ್ಕರೆ 10 ಕಿಲೊ ಗೊಬ್ಬರಕ್ಕೆ ಆ ಎರಡೂ ಜೀವಾಣು ಪುಡಿಗಳನ್ನು 50 ಗ್ರಾಂನಂತೆ ಬೆರೆಸಿ, ಹಸಿ ಗೋಣಿಚೀಲ ಹೊದಿಸಿ ನೆರಳಲ್ಲಿ ಒಂದು ವಾರ ಇಡಿ. ಸಂಜೆ ಹೊತ್ತು ಬೇರಿನ ಸುತ್ತ ಹಾಕಿ ನೀರುಣಿಸಿ.