ಕಕ್ಕಡದ ಥಂಡಿಗೆ ಯಾವ ಕ್ರೀಮ್, ಯಾವ ಬಣ್ಣ?

ಲೇಯರ್ ಕೇಕ್ ರೆಸಿಪಿ ಬರೆಯುವವರಿಗೆಲ್ಲ ಒಂದೇ ಹೆದರಿಕೆ: ಸೆಕೆಗೆ ಕ್ರೀಮ್ ಇಳಿದುಹೋದೀತು. ಮಡಿಕೇರಿಯಲ್ಲಿ ಆ ಹೆದರಿಕೆ ಇಲ್ಲ, ಕಕ್ಕಡದಲ್ಲಂತೂ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಜೋರು ಮಳೆಯ ಕೊಡವ ತಿಂಗಳಲ್ಲಿ, ಇಲ್ಲವೇ ಇಲ್ಲ. ಜುಲೈಯಲ್ಲಿ ನಮ್ಮ ಅಡುಗೆಮನೆ 20 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಬೆಣ್ಣೆ ಕರಗಬೇಕಾದರೆ 32 ದಾಟಬೇಕು. ಇಲ್ಲಿ ಕಾಟ ಕೊಡುವುದು ಥಂಡಿ, ಅಂದರೆ ಗಾಳಿಯ ಪಸೆ. ಡಬ್ಬದ ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಐಸಿಂಗ್ ಶುಗರ್ ಗಡ್ಡೆ ಕಟ್ಟುತ್ತದೆ. ಕೇಕ್ ಮೇಲೆ ಪುಡಿ ಮಾಡಿ ಉದುರಿಸಿದ ಚಿಕ್ಕಿ ಸಂಜೆಯೊಳಗೆ ಅಂಟಾಗುತ್ತದೆ. ಬೆಳಗ್ಗೆ ಕಾಗದಕ್ಕೆ ಹಚ್ಚಿದ ಬಣ್ಣ ಮಧ್ಯಾಹ್ನವೂ ಬೆರಳಿಗೆ ಹತ್ತುತ್ತದೆ. ಬೆಣ್ಣೆಗೆ ಕೊಡಗು ಹೇಳಿ ಮಾಡಿಸಿದ ಜಾಗ, ಸಕ್ಕರೆಗೂ ಕಾಗದಕ್ಕೂ ಅಲ್ಲ.

ಕೇಕನ್ನೂ ಕಾಗದವನ್ನೂ ಒಟ್ಟಿಗೆ ಎಳೆದು ತಂದದ್ದಕ್ಕೆ ಕಾರಣವಿದೆ. ತೋಟ ಇರುವ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ನಿಮಗೆ ಗೊತ್ತೇ ಇದೆ. ‘ನಿನ್ನೆ ಎರಡು ಇಂಚು ಮೂವತ್ತು ಸೆಂಟ್’ ಎಂದೇ ನಮ್ಮಲ್ಲಿ ಮಾತು. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು. ಆ ಲೆಕ್ಕ ಮೊದಲು ಹಳೇ ಡೈರಿಯಲ್ಲಿರುತ್ತಿತ್ತು. ಈಗ ಚಿತ್ರ ಬಿಡಿಸಿ ದಿನಚರಿ ಬರೆಯುವ ನನ್ನ ಆರ್ಟ್ ಜರ್ನಲ್‌ನಲ್ಲಿ ತಿಂಗಳಿಗೊಂದು ಕ್ಯಾಲೆಂಡರ್ ಪುಟ ಬರೆಯುತ್ತೇನೆ: ತಾರೀಕಿನ ಮನೆಗಳಲ್ಲಿ ಮಳೆಯ ಇಂಚು, ಯಾರ ಹುಟ್ಟುಹಬ್ಬ, ಅವತ್ತು ಮಾಡಿದ ಕೇಕ್, ಅದಕ್ಕೆ ಹಾಕಿದ ಕ್ರೀಮ್, ಮರುದಿನ ಅದು ಹೇಗಿತ್ತು. ಕೆಳಗಿನ ತೀರ್ಮಾನಗಳೆಲ್ಲ ಆ ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಬಂದವು.

ಸ್ಪಂಜ್: ಬೆಣ್ಣೆಯೋ, ಬಿಸಿ ಹಾಲೋ, ಮೊಸರೋ

ಬೆಣ್ಣೆ-ಸಕ್ಕರೆ ನೊರೆ ಬರುವ ತನಕ ತಿರುವಿ ಮಾಡುವ ಹಳೇ ಕ್ರಮದ ಕೇಕಿಗೆ ರುಚಿಯಲ್ಲಿ ಎದುರಿಲ್ಲ. ಆದರೆ ‘ಬೆಣ್ಣೆ ರೂಮ್ ಟೆಂಪರೇಚರ್‌ಗೆ ಬರಲಿ’ ಎಂದು ಬರೆದದ್ದನ್ನು ನಂಬಿ ಕೂತರೆ ಮಳೆಗಾಲದಲ್ಲಿ ಅರ್ಧ ದಿನ ಕಾಯಬೇಕು. ಮೇಲಾಗಿ ಫ್ರಿಜ್‌ನಿಂದ ತೆಗೆದ ಬೆಣ್ಣೆ ಕೇಕ್ ಗಟ್ಟಿ, ನಮ್ಮ ಹವೆಯಲ್ಲಿ ಅದು ಮೆತ್ತಗಾಗುವುದೂ ನಿಧಾನ.

ಮೊಸರು-ಎಣ್ಣೆ ಹಾಕಿ ಮಾಡುವ ಮೊಟ್ಟೆಯಿಲ್ಲದ ಕೇಕ್ ಇದಕ್ಕೆ ತದ್ವಿರುದ್ಧ. ಎಣ್ಣೆ ಚಳಿಗೆ ಹೆಪ್ಪುಗಟ್ಟದ ಕಾರಣ ಫ್ರಿಜ್‌ನಿಂದ ನೇರ ತಂದು ಕತ್ತರಿಸಿದರೂ ಮೃದು. ತೊಂದರೆ ಎರಡು. ಥಂಡಿಗೆ ಮರುದಿನ ಅದರ ಮೈ ಅಂಟಂಟಾಗುತ್ತದೆ. ಅಡ್ಡ ಸೀಳುವಾಗ ಅಂಚು ಉದುರುತ್ತದೆ. ಎರಡು ಪದರಕ್ಕೆ ಅಡ್ಡಿಯಿಲ್ಲ, ಮೂರಕ್ಕೆ ನಾನು ಒಪ್ಪಲಾರೆ. ಕೆಳಗಿನ ಪದರ ಭಾರಕ್ಕೆ ಅಮುಕಿ, ಬದಿಯಲ್ಲಿ ಹೊಟ್ಟೆ ಬರುತ್ತದೆ.

ನನ್ನ ಮತ ಬಿಸಿ ಹಾಲಿನ ಸ್ಪಂಜಿಗೆ. 6 ಇಂಚಿನ ಎರಡು ಟಿನ್ನಿಗೆ 2 ಮೊಟ್ಟೆ, 150 ಗ್ರಾಂ ಸಕ್ಕರೆ, 130 ಗ್ರಾಂ ಮೈದಾ, 125 ಮಿಲಿ ಹಾಲು, 60 ಗ್ರಾಂ ಬೆಣ್ಣೆ. ಮೊಟ್ಟೆ-ಸಕ್ಕರೆಯನ್ನು ಬೀಟರ್‌ನಲ್ಲಿ ಬೆಳ್ಳಗೆ, ದಪ್ಪಗೆ ಆಗುವ ತನಕ ತಿರುವಬೇಕು. ಬೆಣ್ಣೆ ಬಿಸಿ ಹಾಲಿನಲ್ಲೇ ಕರಗುವುದರಿಂದ ಅದು ಮೆತ್ತಗಾಗಲಿ ಎಂದು ಕಾಯುವ ಕೆಲಸವೇ ಇಲ್ಲ. ಬೇಕಿಂಗ್ ಪೌಡರ್ ಕೆಳಗಿನ ಊರಿನವರು ಒಂದೂಕಾಲು ಚಮಚ ಹಾಕುವ ಕಡೆ ನಾನು ಒಂದೇ ಚಮಚ ಹಾಕುತ್ತೇನೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ಹಿಟ್ಟಿನೊಳಗಿನ ಗುಳ್ಳೆ ಬೇಗ ಹಿಗ್ಗುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕೇಕ್ ಎದ್ದು, ಆಮೇಲೆ ನಡುವೆ ಕುಸಿಯುತ್ತದೆ. ಬರೀ ಕೇಕಿಗಾದರೆ ಕುಳಿ ಬಿದ್ದರೂ ಯಾರೂ ಕೇಳುವುದಿಲ್ಲ. ಪದರ ಜೋಡಿಸುವ ಕೇಕಿನಲ್ಲಿ ಆ ಕುಳಿಯಲ್ಲೇ ಕ್ರೀಮ್ ಎಲ್ಲ ನಿಂತು, ಮೇಲಿನ ಪದರ ವಾಲುತ್ತದೆ.

ಓಟಿಜಿ ಎಂಬ ಕರೆಂಟ್ ಓವನ್ನೋ ಕುಕ್ಕರೋ? ಕರೆಂಟ್ ಇದ್ದರೆ ಓಟಿಜಿ, ಅದರಲ್ಲಿ ಚರ್ಚೆಯಿಲ್ಲ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದ ದಿನವೂ ಹುಟ್ಟುಹಬ್ಬ ಬರುತ್ತದಲ್ಲ, ಆಗ ಕುಕ್ಕರ್. ರಬ್ಬರ್, ವೆಯ್ಟ್ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಕಾಯಿಸಿ ಟಿನ್ ಇಳಿಸಿದರಾಯಿತು. ಕುಕ್ಕರ್ ಕೇಕಿನ ಮೇಲ್ಭಾಗ ಕೆಂಪಾಗುವುದಿಲ್ಲ ಎಂದು ಜನ ದೂರುತ್ತಾರೆ. ಲೇಯರ್ ಕೇಕಿಗೆ ಅದೇ ಅನುಕೂಲ, ಹೇಗೂ ಆ ಸಿಪ್ಪೆಯನ್ನು ಕತ್ತರಿಸಿ ತೆಗೆಯುವವರು ನಾವು. ಒಂದು ಸಲಕ್ಕೆ ಒಂದೇ ಟಿನ್ ಹಿಡಿಯುವುದು ಮಾತ್ರ ನಿಜವಾದ ಕೊರತೆ: ಎರಡನೇ ಟಿನ್ನಿನ ಹಿಟ್ಟು ಕಾಯುತ್ತಾ ಕೂತರೆ ಅದರ ಗಾಳಿಯೆಲ್ಲ ಹೋಗುತ್ತದೆ. ಎಲ್ಲವನ್ನೂ ಎತ್ತರವಾದ ಒಂದೇ ಟಿನ್ನಿಗೆ ಸುರಿದು ಬೇಯಿಸಿ, ಆರಿದ ಮೇಲೆ ಹೊಲಿಗೆ ದಾರ ಸುತ್ತಿ ಎಳೆದು ಎರಡು ಮಾಡುವುದು ಲೇಸು.

ಕ್ರೀಮ್: ಇಲ್ಲೇ ಇರುವುದು ಅಸಲಿ ಜಗಳ

ಬೇಕರಿಯವರ ವಿಪ್ಪಿಂಗ್ ಕ್ರೀಮ್ ಫ್ರೋಜನ್ ಆಗಿ ಬರುತ್ತದೆ. ಹೆಚ್ಚಿನವು ಹಾಲಿನದ್ದಲ್ಲ, ಸಸ್ಯದ ಕೊಬ್ಬಿನದ್ದು. ಫ್ರಿಜ್‌ನಲ್ಲಿ ನಿಧಾನ ಕರಗಿಸಿ, ತಣ್ಣಗಿರುವಾಗಲೇ ತಿರುವಿದರೆ ಮೂರು ಪಟ್ಟು ಉಬ್ಬಿ, ಹೂ ಬಿಡಿಸಲು ಬೇಕಾದ ಹಾಗೆ ನಿಲ್ಲುತ್ತದೆ. ಮಕ್ಕಳ ಓಟು ಇದಕ್ಕೇ. ನನಗೆ ಇದರ ರುಚಿಯ ಮೇಲೆ ದೊಡ್ಡ ಪ್ರೀತಿಯಿಲ್ಲ, ತಿಂದ ಮೇಲೆ ಅಂಗುಳಿನಲ್ಲಿ ಜಿಡ್ಡು ಕೂರುತ್ತದೆ. ಅದು ಬಿಡಿ, ಕೊಡಗಿನ ಮಳೆಗಾಲಕ್ಕೆ ಇದನ್ನು ಬೇಡವೆನ್ನಲು ಕಾರಣ ಫ್ರೀಜರ್. ಕರೆಂಟ್ ಹೋಗಿ ಎರಡು ದಿನ ಬಾರದಿದ್ದರೆ ಪ್ಯಾಕೆಟ್ ತಾನಾಗಿ ಕರಗುತ್ತದೆ. ಕರಗಿದ್ದು ಮತ್ತೆ ಹೆಪ್ಪುಗಟ್ಟಿದರೆ ತಿರುವಿದಾಗ ಏಳುವುದಿಲ್ಲ. ಪೇಟೆಗೆ ಹೋಗಿ ತಂದು ದಾಸ್ತಾನು ಮಾಡುವವರಿಗೆ ಇದು ಜೂಜು.

ಬೆಣ್ಣೆ ಒಂದು ಪಾಲು, ಐಸಿಂಗ್ ಶುಗರ್ ಎರಡು ಪಾಲಿನ ಸಾದಾ ಬಟರ್‌ಕ್ರೀಮ್ ಎಲ್ಲಕ್ಕಿಂತ ಸುಲಭ. ಸಕ್ಕರೆಯನ್ನು ಅವತ್ತೇ ಸ್ವಲ್ಪ ಕಾರ್ನ್‌ಫ್ಲೋರ್ ಜೊತೆ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಗಡ್ಡೆಯ ಕಾಟವೂ ಇಲ್ಲ. ಒಣ ಹವೆಯಲ್ಲಿ ಇದರ ಮೇಲೆ ತೆಳ್ಳನೆ ಹೊರಪದರ ಕಟ್ಟುತ್ತದೆ, ಅದರ ಮೇಲೆ ಕಾಗದ ಸವರಿ ನಯ ಮಾಡಬಹುದು. ಡಿಸೆಂಬರ್‌ನಲ್ಲಿ ನಮ್ಮಲ್ಲೂ ಅದು ಆಗುತ್ತದೆ. ಕಕ್ಕಡದಲ್ಲಿ ಆಗುವುದಿಲ್ಲ; ಕಾಗದಕ್ಕೇ ಕ್ರೀಮ್ ಎದ್ದು ಬರುತ್ತದೆ. ಸಿಹಿಯಂತೂ ವಿಪರೀತ. ನಮ್ಮ ಅತ್ತೆಯವರು ಒಂದು ಚೂರು ಬಾಯಿಗಿಟ್ಟು, ‘ಸಕ್ಕರೆ ಡಬ್ಬವನ್ನೇ ಮುಂದೆ ಇಟ್ಟಿದ್ದರೆ ಆಗ್ತಿತ್ತಲ್ಲಮ್ಮ’ ಎಂದರು. ತೀರ್ಪು ಅಷ್ಟಕ್ಕೇ ಮುಗಿಯಿತು.

ಸ್ವಿಸ್ ಮೆರಿಂಗ್ ಬಟರ್‌ಕ್ರೀಮ್‌ನ ಹೊಳಪು, ನಯ ಬೇರೆ ಯಾವುದಕ್ಕೂ ಬರಲಿಲ್ಲ. ಮೊಟ್ಟೆಯ ಬಿಳಿ ಒಂದು ಪಾಲು, ಸಕ್ಕರೆ ಎರಡು ಪಾಲು. ಬಿಸಿ ನೀರಿನ ಪಾತ್ರೆಯ ಮೇಲಿಟ್ಟು 71 ಡಿಗ್ರಿ ತನಕ ಕಾಯಿಸಿ, ಆಮೇಲೆ ಆರುವ ತನಕ ತಿರುವಿ, ಬೆಣ್ಣೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಬೇಕು. ಸಕ್ಕರೆ ಪೂರ್ತಿ ಕರಗಿರುವುದರಿಂದ ಥಂಡಿ ಇದನ್ನು ಅಷ್ಟು ಕಾಡುವುದಿಲ್ಲ. ನಮ್ಮ ತಣ್ಣನೆಯ ಬೆಣ್ಣೆ ಬಿದ್ದಾಗ ಒಡೆದ ಹಾಲಿನ ಹಾಗೆ ಕಾಣುತ್ತದೆ, ಗಾಬರಿಯಾಗಬೇಕಿಲ್ಲ; ಬೋಗುಣಿಯ ತಳಕ್ಕೆ ಬಿಸಿ ನೀರು ತಾಗಿಸಿ ತಿರುವುತ್ತಿದ್ದರೆ ಕೂಡಿಕೊಳ್ಳುತ್ತದೆ. ಥರ್ಮಾಮೀಟರ್ ಬೇಕು, ಬೀಟರ್ ಬಹಳ ಹೊತ್ತು ಓಡಬೇಕು, ಅಂದರೆ ಕರೆಂಟ್ ಬೇಕೇ ಬೇಕು. ಉಳಿದ ಹಳದಿಯಿಂದ ಪ್ಯಾಶನ್ ಫ್ರೂಟ್ ಕರ್ಡ್ (ಮೊಸರಲ್ಲ, ಹಣ್ಣಿನ ರಸ ಹಾಕಿ ಕಾಯಿಸಿದ ಗಟ್ಟಿ ಹೂರಣ) ಮಾಡಿ ಪದರದ ನಡುವೆ ಹಾಕುತ್ತೇನೆ. ಬೇಲಿಯ ಬಳ್ಳಿಯಲ್ಲಿ ಪುಕ್ಕಟೆ ಸಿಗುವ ಹುಳಿ ಅದು, ಅಂಗಡಿಯ ಜಾಮ್ ಅದರ ಹತ್ತಿರಕ್ಕೂ ಬರುವುದಿಲ್ಲ.

ನಾಲ್ಕನೆಯದು ಅರ್ಮೈನ್. ರೆಡ್ ವೆಲ್ವೆಟ್ ಕೇಕಿಗೆ ಕ್ರೀಮ್ ಚೀಸ್ ಬರುವ ಮೊದಲು ಹಚ್ಚುತ್ತಿದ್ದದ್ದು ಇದನ್ನೇ. ನಮ್ಮ ಮನೆಯಲ್ಲಿ ಇದರ ಹೆಸರು ‘ಗಂಜಿ ಕ್ರೀಮ್’, ಯಾಕೆಂದರೆ ಮಾಡುವುದೇ ಹಾಗೆ. 250 ಮಿಲಿ ಹಾಲು, 40 ಗ್ರಾಂ ಮೈದಾ, 200 ಗ್ರಾಂ ಸಾದಾ ಸಕ್ಕರೆ. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ, ಸೌಟು ಎಳೆದರೆ ಪಾತ್ರೆಯ ತಳ ಕಾಣುವಷ್ಟು ಗಟ್ಟಿ ಮಾಡಬೇಕು. ಪೂರ್ತಿ ಆರಿಸಿ, ಮೆತ್ತಗಾದ 225 ಗ್ರಾಂ ಬೆಣ್ಣೆಗೆ ಚಮಚ ಚಮಚವೇ ಹಾಕಿ ತಿರುವಿದರೆ ಹಗುರವಾದ, ಸಿಹಿ ಕಡಿಮೆಯಾದ ಕ್ರೀಮ್. ಐಸಿಂಗ್ ಶುಗರ್ ಬೇಡ, ಫ್ರೀಜರ್ ಬೇಡ. ತೋಳಿನಲ್ಲಿ ಬಲ ಇದ್ದರೆ ಬೀಟರ್ ಕೂಡ ಬೇಡ. ಹಾಲು ಕಾಯಿಸುವಾಗಲೇ ಎರಡು ಚಮಚ ಫಿಲ್ಟರ್ ಕಾಫಿ ಪುಡಿ ಹಾಕಿ ಸೋಸಿಕೊಂಡರೆ ಕಾಫಿ ಕ್ರೀಮ್ ಆಯಿತು. ಬರೀ ಬಟರ್‌ಕ್ರೀಮ್‌ಗೆ ಡಿಕಾಕ್ಷನ್ ಸುರಿದರೆ ನೀರು ಬೇರೆ, ಬೆಣ್ಣೆ ಬೇರೆ ಆಗುತ್ತದೆ. ಇಲ್ಲಿ ಆ ರಗಳೆಯಿಲ್ಲ. ಹೂವಿನ ಚೂಪಾದ ಎಸಳು ಇದರಲ್ಲಿ ವಿಪ್ಪಿಂಗ್ ಕ್ರೀಮ್‌ನಷ್ಟು ಚೆನ್ನಾಗಿ ಬರುವುದಿಲ್ಲ. ಹಾಲಿನದ್ದಾದ್ದರಿಂದ ರಾತ್ರಿ ಫ್ರಿಜ್‌ನಲ್ಲಿಡಬೇಕು, ತಿನ್ನುವ ಮೊದಲು ಹೊರಗೆ ತೆಗೆದಿಡಬೇಕು. ಅಷ್ಟಾದರೂ ಮಳೆಗಾಲದ ಕೇಕಿಗೆ ನಾನು ಮಾಡುವುದು ಇದೊಂದೇ.

ಬೆಣ್ಣೆಯ ಬಗ್ಗೆ ಒಂದು ಮಾತು. ಪ್ಯಾಕೆಟ್‌ನ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಉಪ್ಪಿಲ್ಲದ್ದನ್ನು ಕೇಳಿ ತನ್ನಿ. ಮನೆಯಲ್ಲಿ ಕಡೆದ ಬೆಣ್ಣೆ ಹಾಕುವುದಾದರೆ ತಣ್ಣೀರಿನಲ್ಲಿ ತೊಳೆದು ಮಜ್ಜಿಗೆಯ ಅಂಶವನ್ನೆಲ್ಲ ಹಿಂಡಬೇಕು. ಇಲ್ಲದಿದ್ದರೆ ಕ್ರೀಮ್ ನೀರು ಬಿಡುತ್ತದೆ.

ಪುಟ

ಕಾಗದದಲ್ಲಿ ಆಯ್ಕೆ ಬೇಗ ಮುಗಿಯಿತು. ಶಾಲೆಯ ಡ್ರಾಯಿಂಗ್ ಬುಕ್ ಥಂಡಿಗೇ ಮೆತ್ತಗಾಗಿರುತ್ತದೆ, ನೀರು ತಾಗಿದರೆ ಅಲೆಅಲೆಯಾಗಿ ಏಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ವಾಟರ್‌ಕಲರ್ ಕಾಗದ ದುಬಾರಿ ಹೌದು, ಆದರೆ ವರ್ಷಕ್ಕೆ ಬೇಕಾದ್ದು 12 ಹಾಳೆ. ಅದರಲ್ಲಿ ಜಿಪುಣತನ ಮಾಡುವ ಅರ್ಥವಿಲ್ಲ.

ಬಣ್ಣದ ಕಥೆ ಅಷ್ಟು ಸರಳ ಅಲ್ಲ. ವಾಟರ್‌ಕಲರ್ ಮಳೆಗಾಲದಲ್ಲಿ ತಡವಾಗಿ ಒಣಗುತ್ತದೆ. ಮಂಜು, ಬೆಟ್ಟ, ಹಸಿರಿನ ಮೇಲೆ ಹಸಿರು ಬೆರೆಸುವಾಗ ಆ ತಡವೇ ವರ. ಅದರ ಮೇಲೆ ಗೆರೆ ಎಳೆದು ಮನೆ ಮಾಡುವುದು ಮಾತ್ರ ಮರುದಿನದ ಕೆಲಸ. ಹೇರ್ ಡ್ರೈಯರ್ ಇದೆ ಎನ್ನುತ್ತೀರಿ, ಕರೆಂಟ್?

ಪೋಸ್ಟರ್ ಕಲರ್ ಮತ್ತು ಗ್ವಾಶ್ (ನೀರಿನಲ್ಲಿ ಕಲಸುವ ಮಂದ ಬಣ್ಣ) ಅಚ್ಚುಕಟ್ಟಾಗಿ, ದಟ್ಟವಾಗಿ ಕೂರುತ್ತವೆ. ಆಯುಧ ಪೂಜಿಸುವ ಕೊಡವ ಹಬ್ಬವಾದ ಕೈಲ್‌ಪೊಳ್ದ್ ಪುಟಕ್ಕೆ ಕೋವಿಯ ಮೇಲಿನ ತೋಕ್ ಪೂ, ಅಂದರೆ ಗೌರಿ ಹೂವಿನ ಕೆಂಪು-ಹಳದಿ ಬಿಡಿಸಲು ಗ್ವಾಶ್‌ನಷ್ಟು ಚೆನ್ನಾದ್ದು ಇನ್ನೊಂದಿಲ್ಲ. ಒಣಗಿದ ಮೇಲೂ ನೀರಿಗೆ ಕರಗುವ ಬಣ್ಣ ಅದು. ಪುಸ್ತಕ ಮುಚ್ಚಿಟ್ಟರೆ ಗಾಳಿಯ ಪಸೆಗೇ ಎದುರು ಪುಟಕ್ಕೆ ಅಂಟುತ್ತದೆ. ಅಕ್ರಿಲಿಕ್ ನೀರಿಗೆ ಕರಗದು, ಆದರೂ ಎರಡು ಅಕ್ರಿಲಿಕ್ ಪುಟ ಎದುರಾದರೆ ಕಚ್ಚಿಕೊಳ್ಳುತ್ತವೆ. ಎರಡಕ್ಕೂ ಮದ್ದು ಅಡುಗೆಮನೆಯಲ್ಲೇ ಇದೆ: ಕೇಕ್ ಟಿನ್ನಿನ ತಳಕ್ಕೆ ಹಾಕುವ ಬಟರ್ ಪೇಪರನ್ನು ಪುಟದ ಅಳತೆಗೆ ಕತ್ತರಿಸಿ ನಡುವೆ ಇಟ್ಟರೆ ಆಯಿತು.

ಕಾಫಿಯಿಂದ ಚಿತ್ರ ಬರೆಯುವುದು ಈಗ ಎಲ್ಲರ ಹುಚ್ಚು, ಕೊಡಗಿನವರಿಗೆ ಕೇಳಬೇಕೆ. ತೆಳು ಡಿಕಾಕ್ಷನ್ನಿನ ಕಂದು ಛಾಯೆ ನಿಜಕ್ಕೂ ಚೆಂದ. ಗಾಢ ಬರಲಿ ಎಂದು ಇನ್‌ಸ್ಟಂಟ್ ಕಾಫಿಯನ್ನು ದಪ್ಪಗೆ ಕಲಸಿ ಹಚ್ಚಿದ ಭಾಗ ಮಳೆಗಾಲ ಪೂರ್ತಿ ಅಂಟಾಗಿಯೇ ಇರುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಕಾಫಿ ಹೂ ಅರಳುವ ಮಾರ್ಚ್ ಪುಟಕ್ಕೆ ಬಳಸಿ, ಆಗಸ್ಟ್‌ಗೆ ಬೇಡ.

ಕಕ್ಕಡಕ್ಕೆ ನಾನು ಆರಿಸಿಕೊಂಡದ್ದು ವಾಟರ್‌ಪ್ರೂಫ್ ಶಾಯಿಯ ಪೆನ್, ಬಣ್ಣದ ಪೆನ್ಸಿಲ್. ಒಣಗುವ ಮಾತೇ ಇಲ್ಲ. ಆಗಸ್ಟ್ 3ರ, ಅಂದರೆ ಕಕ್ಕಡ 18ರ ಮನೆಗೆ, ಅವತ್ತು ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದ್ ಪಾಯಸದ ನೇರಳೆ ಬಣ್ಣವನ್ನು ನೀಲಿಯ ಮೇಲೆ ಕೆಂಪು ಉಜ್ಜಿಯೇ ತರಿಸಬಹುದು. ಜೆಲ್ ಪೆನ್, ಸ್ಕೆಚ್ ಪೆನ್ ಎರಡೂ ಹಬ್ಬುತ್ತವೆ, ಅವುಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ವಿನ್ಯಾಸದಲ್ಲಿ ಚಕ್ರ, ಉದ್ದ ಸಾಲು, ಚೌಕ ಮೂರನ್ನೂ ಬರೆದು ನೋಡಿದೆ. ತಿಂಗಳನ್ನು ಚಕ್ರವಾಗಿ ಬರೆದರೆ ನೋಡಿದವರು ‘ಆಹಾ’ ಎನ್ನುತ್ತಾರೆ, ಆದರೆ ನಡುವಿನ ಕಡೆಗೆ ಕಿರಿದಾಗುವ ಜಾಗದಲ್ಲಿ ಎರಡು ಅಕ್ಷರ ಹಿಡಿಯುವುದಿಲ್ಲ. ಒಂದರ ಕೆಳಗೊಂದು 31 ಸಾಲು ಬರೆದು, ಬಲಕ್ಕೆ ಮಳೆಯ ಇಂಚಿಗೆ ತಕ್ಕಷ್ಟು ನೀಲಿ ಪಟ್ಟಿ ಎಳೆಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕ ನನಗೆ ಅತಿ ಇಷ್ಟ; ಬೇಸಿಗೆಯಲ್ಲಿ ಅದೇ ಪುಟ ಬಿಕೋ ಎನ್ನುತ್ತದೆ. ಬಾಕಿ ತಿಂಗಳಿಗೆಲ್ಲ ಸಾದಾ ಚೌಕದ ಮನೆಗಳೇ ಸರಿ. ಭಾನುವಾರದಿಂದ ಶುರುಮಾಡುವವರು ಗೆರೆ ಎಳೆಯುವ ಮೊದಲು ಒಂದನೇ ತಾರೀಕು ಯಾವ ವಾರ ಎಂದು ನೋಡಿಕೊಳ್ಳಿ. 2026ರ ಆಗಸ್ಟ್ ಶನಿವಾರ ಶುರುವಾಗುತ್ತದೆ, ಐದು ಸಾಲು ಸಾಲದು, ಆರು ಬೇಕು. ಗೋಡೆ ಕ್ಯಾಲೆಂಡರ್‌ನವರ ಹಾಗೆ 23 ಮತ್ತು 30ನ್ನು ಒಂದೇ ಮನೆಗೆ ತುರುಕಿದರೆ ಮಳೆ ಬರೆಯಲು ಜಾಗ ಇರುವುದಿಲ್ಲ.

ಇದೆಲ್ಲ ಮಡಿಕೇರಿಯ ಮಾತು. ಕುಶಾಲನಗರದಲ್ಲಿರುವ ನಾದಿನಿ ಸಾದಾ ಬಟರ್‌ಕ್ರೀಮ್ ಬಿಟ್ಟು ಬೇರೇನೂ ಮಾಡುವುದಿಲ್ಲ, ಗ್ವಾಶ್ ಪುಟದ ನಡುವೆ ಕಾಗದವನ್ನೂ ಇಡುವುದಿಲ್ಲ. ಅಲ್ಲಿ ಬೀಳುವ ಮಳೆ ನಮ್ಮದರ ಅರ್ಧವೂ ಇಲ್ಲ. ಅವಳ ಐಸಿಂಗ್ ಶುಗರ್ ಡಬ್ಬದಲ್ಲಿ ಪುಡಿಯಾಗಿಯೇ ಇರುತ್ತದೆ. ನಮಗಿಂತಲೂ ಹೆಚ್ಚು ಮಳೆ ಬೀಳುವ ಭಾಗಮಂಡಲದ ಕಡೆಯವರು ನಾನು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಪೆನ್ಸಿಲ್ ಡಬ್ಬದೊಳಗೂ ಪಸೆ ಹೀರುವ ಒಂದು ಸಿಲಿಕಾ ಪೊಟ್ಟಣ ಹಾಕಿಟ್ಟುಕೊಳ್ಳಿ.